ಕೀಲಿ ತಿರುಗದ ಕಾರೂ ಸ್ಟಿಯರಿಂಗ್ ಹಿಡಿಯದ ಯಜಮಾನರೂ

ಕೆಲವರ ಮನೆಯಲ್ಲಿ ನಲ್ಲಿ ಕೆಡುತ್ತಿರುತ್ತದೆ, ಕೆಲವರ ಮನೆಯಲ್ಲಿ ಮಿಕ್ಸಿ. ನಮ್ಮ ಮನೆಯಲ್ಲಿ ಕೆಡುವುದು ಕಾರು, ತಪ್ಪು ಮಾತ್ರ ಯಾವಾಗಲೂ ನನ್ನದು. ದೆಹಲಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದು ಆರ್.ಕೆ. ಪುರಂ ಕ್ವಾರ್ಟರ್ಸಿನಲ್ಲಿದ್ದಾಗ, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು ಒಂದು ಹಳೇ ಕಾರು ಕೊಂಡೆ. ಚಾರ್ಟರ್ಡ್ ಬಸ್ಸಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋದವರಿಗೇ ಗೊತ್ತು, ಅಂಥ ಕಾರಿನ ಮೇಲೆ ಎಷ್ಟು ಪ್ರೀತಿ ಬರುತ್ತದೆ ಅಂತ. ನಮ್ಮ ಯಜಮಾನರಿಗೆ ಡ್ರೈವಿಂಗ್ ಬರುವುದಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡುವುದು ಮಾತ್ರ ಚೆನ್ನಾಗಿ ಬರುತ್ತದೆ.

ಒಂದು ಬೆಳಿಗ್ಗೆ ಕೀಲಿ ಹಾಕಿದರೆ ಜಪ್ಪಯ್ಯ ಅಂದರೂ ತಿರುಗಲಿಲ್ಲ.

"ನಿಂದು ಒರಟು ಕೈ. ಸುಮ್ನೆ ಮಾರಿಬಿಡೋಣ ಇದನ್ನ" ಅಂದರು ಯಜಮಾನರು. ನಾನು ಕೇಳಿಸದವಳ ಹಾಗೆ ಮತ್ತೆ ಕೀಲಿ ಹಾಕಿದೆ.

ತಜ್ಞರ ಸಮಿತಿ

ನಾನು ಕೀಲಿಯ ಜೊತೆ ಗುದ್ದಾಡುವುದನ್ನು ನೋಡಿ ಅಕ್ಕಪಕ್ಕದ ಬ್ಲಾಕಿನವರೆಲ್ಲ ಇಳಿದು ಬಂದರು. ಒಬ್ಬರು ಎಣ್ಣೆ ಬಿಡಿ ಅಂದರು, ಒಬ್ಬರು ಬ್ಯಾಟರಿ ಬಿಚ್ಚಿ ಅಂದರು. ಕೊನೆಗೆ ಪಂಜಾಬಿ ಅಂಕಲ್ ಒಬ್ಬರು, "ಧಕ್ಕಾ ಮಾರೋ ಜೀ! ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ ಹತ್ರ ಬಿಡೋಣ" ಅಂದರು.

ಕೀಲಿ ತಿರುಗದಿದ್ದರೆ ಸ್ಟಿಯರಿಂಗೂ ಬಿಗಿದುಕೊಂಡಿರುತ್ತದೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಚಕ್ರ ಎಡಕ್ಕೆ ತಿರುಗಿ ನಿಂತಿತ್ತು. ಎಲ್ಲರೂ ಸೇರಿ ಉಸಿರು ಕಟ್ಟಿ ತಳ್ಳಿದರು. ಕಾರು ಅಂಗಳದಲ್ಲಿ ಗಂಭೀರವಾಗಿ ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಬಂದು ನಿಂತಿತು.

ತಳ್ಳಿದವರಲ್ಲೇ ಇದ್ದ ನಮ್ಮ ಆಫೀಸ್ ಸೆಕ್ಷನ್ನಿನ ಹಿರಿಯರೊಬ್ಬರು ಬೆವರು ಒರೆಸಿಕೊಳ್ಳುತ್ತಾ ಅಂದರು: "ಮೇಡಂ, ನಮ್ಮ ಫೈಲುಗಳೂ ಹೀಗೇ ಅಲ್ಲವಾ?"

ಬೀಗದೊಳಗಿನ ಅಕ್ಕಿ

ಕಾರು ಹೋಗದಿದ್ದರೆ ಮೆಕ್ಯಾನಿಕ್ಕೇ ಬರಬೇಕಲ್ಲ, ಬಂದ. ಸ್ಟಿಯರಿಂಗ್ ಕೆಳಗಿನ ಕವರ್ ಬಿಚ್ಚಿ, ಕೊರೆದು, ಜಗ್ಗಿ, ಅಂತೂ ಬೀಗ ಹೊರಗೆ ತೆಗೆದ. ಅಂಗೈ ಮೇಲೆ ತಟ್ಟಿದರೆ ಕೆಂಪು ಪುಡಿ ಉದುರಿತು. ಆಮೇಲೆ ಹಳದಿ ಪುಡಿ. ಇನ್ನೊಮ್ಮೆ ತಟ್ಟಿದರೆ ಒಂದು ಅಕ್ಕಿಕಾಳಿನ ಚೂರು.

"ಮೇಡಂಜೀ, ಆಪ್ ಲೋಗ್ ಗಾಡಿ ಕೋ ಖಾನಾ ಭೀ ಖಿಲಾತೇ ಹೈಂ?" ಅಂತ ಕೇಳಿದ. ಕಾರಿಗೆ ಊಟ ಬೇರೆ ಹಾಕ್ತೀರಾ ಅಂತ.

ಪ್ರತಿ ವರ್ಷ ಆಯುಧಪೂಜೆ ಮಾಡುವವರು ನಮ್ಮ ಯಜಮಾನರು. ಬಾನೆಟ್ಟಿಗೆ ಒಂದು ಬೊಟ್ಟಿಟ್ಟು ಸುಮ್ಮನಾಗುವ ಜನ ಅಲ್ಲ. "ಗಾಡಿಯ ಪ್ರಾಣ ಇರೋದೇ ಇಲ್ಲಿ" ಅಂತ ಕೀಲಿ ಹಾಕುವ ತೂತಿಗೇ ಅರಿಶಿನ, ಕುಂಕುಮ, ಅಕ್ಷತೆ ಎಲ್ಲವನ್ನೂ ಧಾರಾಳವಾಗಿ ಏರಿಸುತ್ತಿದ್ದರು. ಒರಟು ಕೈ ಯಾರದ್ದು ಅಂತ ನಾನು ಅವರ ಮುಖವನ್ನೇ ನೋಡಿದೆ. ಅವರು ಮೆಕ್ಯಾನಿಕ್ಕಿನ ಅಂಗೈಯಿಂದ ಆ ಅಕ್ಕಿಚೂರು ತೆಗೆದು, ಕಣ್ಣಿಗೊತ್ತಿಕೊಂಡು, ತಲೆ ಮೇಲೆ ಹಾಕಿಕೊಂಡರು.

ಎರಡು ಕೀಲಿ

ಹೊಸ ಬೀಗಕ್ಕೆ ಹೊಸ ಕೀಲಿ ಬಂತು. ಬಾಗಿಲಿಗೆ ಹಳೇ ಕೀಲಿಯೇ. ಎರಡನ್ನೂ ಒಂದೇ ಗೊಂಚಲಿಗೆ ಹಾಕಿಕೊಂಡ ಮೇಲೆ ನಾನು ಸರಿಯಾದ ಕೀಲಿ ಹಾಕಿದ್ದೇ ಅಪರೂಪ. ಐಎನ್‌ಎ ಮಾರ್ಕೆಟ್ಟಿನ ಹೊರಗೆ ಒಮ್ಮೆ ತರಕಾರಿ ಚೀಲ ಕಾಲಬುಡದಲ್ಲಿಟ್ಟು ಹೊಸ ಕೀಲಿಯಿಂದ ಬಾಗಿಲು ತೆಗೆಯಲು ಒದ್ದಾಡುತ್ತಿದ್ದೆ. ಪಾರ್ಕಿಂಗಿನವನಿಗೆ ಅನುಮಾನ ಬಂತು.

"ಗಾಡಿ ಆಪ್ ಕೀ ಹೈ?" ಅಂತ ಪಕ್ಕದಲ್ಲಿ ನಿಂತಿದ್ದ ಯಜಮಾನರನ್ನು ಕೇಳಿದ.

ಸತ್ಯಕ್ಕೆ ಚ್ಯುತಿ ಬರಬಾರದು ನೋಡಿ. "ನನ್ನದಲ್ಲಪ್ಪ. ಇವರು ಓಡಿಸ್ತಾರೆ, ನಾನು ಪಕ್ಕದಲ್ಲಿ ಕೂತು ಹಿಂದೆ ಮುಂದೆ ನೋಡ್ಕೋತೀನಿ" ಅಂದರು.

"ಅಚ್ಛಾ!" ಅಂದ ಅವನು. "ಅಂದ್ರೆ ಇಬ್ಬರದ್ದೂ ಗ್ಯಾಂಗು."

ಗಿರಾಕಿ

ಅಷ್ಟೆಲ್ಲ ಆದರೂ ಯಜಮಾನರ ಮಾರುವ ಹಟ ಇಳಿಯಲಿಲ್ಲ. ಒಂದು ಭಾನುವಾರ ಪಕ್ಕದ ಮುನಿರ್ಕಾದಿಂದ ಒಬ್ಬ ಹುಡುಗನನ್ನು ಗಿರಾಕಿ ಅಂತ ಕರೆದುಕೊಂಡೇ ಬಂದುಬಿಟ್ಟರು. ನಾನು ಕಣ್ಣಲ್ಲಿ ನೀರು ತುಂಬಿಕೊಂಡೇ ಅವನನ್ನು ಕೂರಿಸಿಕೊಂಡು ಒಂದು ರೌಂಡ್ ಹೊಡೆದೆ. ಹಾಳು ಕಾರು, ಅವತ್ತೇ ಬೆಣ್ಣೆ ಥರ ಓಡಬೇಕೆ! ಇಳಿದವನೇ ಹುಡುಗ, "ಪಕ್ಕಾ, ಅಂಕಲ್‌ಜೀ. ನಾಳೆನೇ ತಗೊಂಡು ಹೋಗ್ತೀನಿ" ಅಂದ.

ನಾಳೆ ಸೋಮವಾರ. ಯಜಮಾನರ ಮುಖ ಯಾಕೋ ಸಪ್ಪಗಾಯಿತು. ದಿನಾ ಬೆಳಿಗ್ಗೆ ನನ್ನ ಪಕ್ಕದ ಸೀಟಿನಲ್ಲಿ ಕೂತು, ಪೇಪರ್ ಓದುತ್ತಾ ಆಫೀಸಿನ ಗೇಟಿನ ಮುಂದೆಯೇ ಇಳಿಯುವವರು ಅವರು. ಚಾರ್ಟರ್ಡ್ ಬಸ್ಸು ಆಗಷ್ಟೇ ನೆನಪಿಗೆ ಬಂದಿರಬೇಕು.

"ನಿಮ್ಮ ಆಫೀಸ್ ಎಲ್ಲಿ, ಬೇಟಾ?" ಅಂತ ಮೆಲ್ಲಗೆ ಕೇಳಿದರು.

"ಲೋದಿ ರೋಡ್."

"ಓಹೋ, ನಮ್ಮದೂ ಅದೇ ದಾರಿ. ನೀವು ಬೆಳಿಗ್ಗೆ ಈ ಕಡೆಯಿಂದಲೇ ಬಂದು, ನನ್ನನ್ನೂ ಹತ್ತಿಸಿಕೊಂಡು ಹೋಗಬಹುದಲ್ಲ? ನನಗೆ ಆ ಸೀಟು ಅಭ್ಯಾಸ ಆಗಿಬಿಟ್ಟಿದೆ."

ಹುಡುಗ ಕಾರನ್ನು ನೋಡಿದ, ಅವರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಆಂಟೀಜೀ, ಗಾಡಿ ತಗೊಂಡ್ರೆ ಅಂಕಲ್ಲೂ ಜೊತೆಗೆ ಬರ್ತಾರಾ?"

ನಾನು ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದೆ: "ಅಂಕಲ್‌ನ ಬೇಕಾದ್ರೆ ಇವತ್ತೇ ಕರ್ಕೊಂಡು ಹೋಗಪ್ಪ. ಗಾಡಿ ಕೊಡಲ್ಲ."