ಚಳಿಗೆ ಮುಖ ತೋರಿಸದ ಮದುಮಗ

ಫೋಟೋಗ್ರಾಫರನ ಮನೆಯಲ್ಲಿ ಚಳಿಗಾಲ ಸುಮ್ಮನೆ ಕಳೆಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಮನೆಯವರು ಖಾನಾಪುರದಲ್ಲಿ ಸ್ಟುಡಿಯೋ ತೆರೆದರು. ಫೋಟೋ ತೊಳೆಯುವ ಕತ್ತಲೆ ಕೋಣೆ ನಮ್ಮ ಬಚ್ಚಲಮನೆಯೇ. ಯುಗಾದಿಯೊಳಗೆ ಅಂಗಡಿ ಕುದುರದಿದ್ದರೆ ಇವರು ಬೆಳಗಾವಿ ಆಟೋ ನಗರದ ಸೋದರಮಾವನ ಗ್ಯಾರೇಜಿಗೆ ವಾಪಸು. ಗ್ರೀಸ್ ಹತ್ತಿದ ಅಂಗಿ ಒಗೆಯುವುದು ನನಗಂತೂ ಮತ್ತೆ ಬೇಡವಾಗಿತ್ತು.

ಕಲ್ಲಾದ ಆಸಿಡ್

ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಿಂದ ತೆಗೆದ ಕಾಗದವನ್ನು ಆಸಿಡ್ ಬೆರೆಸಿದ ನೀರಿನಲ್ಲಿ ಅದ್ದಬೇಕು. ಒಂದು ಚಳಿಯ ಬೆಳಿಗ್ಗೆ ಆ ಆಸಿಡ್ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿತ್ತು. "ಅಂಗಡ್ಯಾಂವ ಮೋಸ ಮಾಡ್ಯಾನ" ಎಂದು ಇವರು ಬಾಟಲಿ ಹಿಡಿದು ಬೆಳಗಾವಿ ಬಸ್ಸು ಹತ್ತಿದರು. ಕಿಕ್ಕಿರಿದ ಬಸ್ಸು, ಏರುತ್ತಿದ್ದ ಬಿಸಿಲು. ಅಂಗಡಿಯ ಸಾಹೇಬರು ಬಾಟಲಿ ಅಲ್ಲಾಡಿಸಿ, "ನೀರಿನಂಗ ಐತಲ್ರಿ, ಕಲ್ಲು ಎಲ್ಲೈತಿ?" ಎಂದರು. ಮರುದಿನ ಮತ್ತೆ ಕಲ್ಲು, ಮತ್ತೆ ಬಸ್ಸು, ಮತ್ತೆ ನೀರು. ಮೂರನೇ ಸಲ ಸಾಹೇಬರು ಚಹಾ ತರಿಸಿದರು.

"ಕುಂದರ್ರಿ. ನೀವು ಫೋಟೋಗ್ರಾಫರ್ ಅದೀರಿ. ಕಲ್ಲಾದಾಗ ಒಂದು ಫೋಟೋ ತಗದು ತರ್ರಿ, ನೋಡೂಣು."

ಇವರು ತೆಗೆದೂ ತೆಗೆದರು. ತೊಳೆಯಲು ಹೋದಾಗ ನೆನಪಾಯಿತು, ಅದಕ್ಕೂ ಅದೇ ಆಸಿಡ್ ಬೇಕು.

ಮೊಣಕೈ ಪರೀಕ್ಷೆ

ಅಷ್ಟರಲ್ಲಿ ಮೊದಲ ಮದುವೆಯ ಆರ್ಡರ್ ಬಂತು. ದೊಡ್ಡ ಮನೆತನ, ಇದು ಗೆದ್ದರೆ ಅಂಗಡಿ ಉಳಿದಂತೆ. ಫೋಟೋ ತೆಗೆದದ್ದೇನೋ ಆಯಿತು, ಆದರೆ ಚಳಿಗೆ ಡೆವಲಪರ್ ಕೆಲಸವನ್ನೇ ಮಾಡದೆ ಕಾಗದ ಬೆಳ್ಳಗೇ ಇತ್ತು. ಎಷ್ಟು ತಣ್ಣಗಿದೆ ನೋಡಲು ಇವರು ಜ್ವರದ ಥರ್ಮಾಮೀಟರ್ ಅದ್ದಿ, "ಪಾದರಸ ಏರವಲ್ದು" ಎಂದರು.

"ಜ್ವರ ಇಲ್ಲಂದಂಗಾತು" ಎಂದೆ.

ಅತ್ತೆ ಓಣಿಯ ಎಳೆಗೂಸುಗಳಿಗೆಲ್ಲ ನೀರೆರೆದವರು. ಮಗನನ್ನು ಬದಿಗೆ ಸರಿಸಿ, ಡೆವಲಪರ್ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕಾಯಿಸಿ, ತಟ್ಟೆಗೆ ಸುರಿದು ಮೊಣಕೈ ಅದ್ದಿ ನೋಡಿದರು. "ಹಾಂ, ಕೂಸಿಗೆ ಹದ ಆತು." ಕಾಗದ ಹಾಕಿದ್ದೇ ತಡ, ಮದುಮಕ್ಕಳು, ಬಾಸಿಂಗ, ಚಪ್ಪರ ಎಲ್ಲವೂ ಬಿಸಿ ಹೆಚ್ಚಾಗಿ ಕರ್ರಗಾದವು.

"ಇದರಾಗ ಹುಡುಗಿ ಯಾವಾಕಿ?" ಎಂದರು ಅತ್ತೆ.

"ಎಡಗಡಿ ಕತ್ತಲಿ, ಅವ್ವಾ."

ಎರಡನೇ ಸುರಗಿ

ಮರುದಿನ ಫೋಟೋ ಕೊಡಲೇಬೇಕು. ಕೆಂಪು ದೀಪ ಹಚ್ಚಿ ಮೂವರೂ ಬಚ್ಚಲು ಸೇರಿದೆವು. ಅತ್ತೆ ಈ ಸಲ ಡೆವಲಪರ್ ಕಾಯಿಸಲಿಲ್ಲ. ತಟ್ಟೆಯ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಬಿಸಿನೀರು ಇಟ್ಟರು. ಮದುವೆಯಲ್ಲಿ ನಾಲ್ಕು ತಂಬಿಗೆಗೆ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಸುರಗಿ ನೀರು ಎರೆಯುತ್ತಾರಲ್ಲ, ಥೇಟ್ ಹಾಗೆ. ಕಾಗದ ತಟ್ಟೆಗೆ ಬಿದ್ದಿತ್ತು, ಅಷ್ಟರಲ್ಲಿ ಮದುಮಗನ ತಾಯಿ ಬಂದು ಬಾಗಿಲು ಬಡಿದರು. ತೆಗೆದರೆ ಬೆಳಕು ಬಿದ್ದು ಎಲ್ಲ ಹಾಳು.

"ಒಳಗ ಏನ್ ನಡದೈತ್ರಿ?"

"ನಿಮ್ಮ ಮಗಾ-ಸೊಸಿಗೆ ಸುರಗಿ ಮಾಡಾಕತ್ತೇವ್ರಿ" ಎಂದರು ಅತ್ತೆ.

"ಅದು ಮದುವ್ಯಾಗ ಆತಲ್ರಿ."

"ಆದ್ರೂ ಮುಖ ಬಂದಿಲ್ರಿ. ಸ್ವಲ್ಪ ತಡೀರಿ."

ತಟ್ಟೆಯಲ್ಲಿ ಮೆಲ್ಲಗೆ ಬಾಸಿಂಗ ಮೂಡಿತು, ಆಮೇಲೆ ಮದುಮಗಳ ನಗು, ಕೊನೆಗೆ ಮದುಮಗನ ಮೀಸೆ. ಇವರು ನನ್ನ ಕೈ ಹಿಡಿದುಕೊಂಡರು. ಖುಷಿಗೆ ನನ್ನ ಕಣ್ಣು ತುಂಬಿತ್ತು.

ಒದ್ದೆ ಫೋಟೋವನ್ನು ಆ ತಾಯಿ ಬಹಳ ಹೊತ್ತು ನೋಡಿದರು. ಒಳಗಿನ ನಾಲ್ಕು ತಂಬಿಗೆಗಳನ್ನೂ ನೋಡಿದರು.

"ಭಾಳ ಛಲೋ ಬಂದೈತ್ರಿ. ಮುಂದಿನ ತಿಂಗಳ ಸಣ್ಣ ಮಗನ ಮದುವಿ. ಫೋಟೋ ನೀವ ತಗೀಬೇಕು" ಎಂದು ಹೇಳಿ, ಹೊಸಿಲು ದಾಟುವಾಗ ಅತ್ತೆಯ ಕಡೆ ತಿರುಗಿದರು. "ಸುರಗಿ ಅಷ್ಟ ನಮ್ಮ ಮನ್ಯಾಗ ಮಾಡಾಕ ಬಿಡ್ರಿ."