ಬಚ್ಚಲುಮನೆಯ ಕಿಟಕಿಯಲ್ಲಿ ಬಿಡಾರ ಹೂಡಿರುವ ಆರ್ಕಿಡ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಬಚ್ಚಲುಮನೆಯ ಪೂರ್ವದ ಕಿಟಕಿಗೂ ಅದರ ಸುತ್ತಮುತ್ತಲಿನ ಸಮಸ್ತ ತೇವಕ್ಕೂ ಒಡೆಯರಾದ ತಮ್ಮ ಪಾದಗಳಿಗೆ, ಅಂದರೆ ಬೇರುಗಳಿಗೆ, ಅನಂತ ನಮಸ್ಕಾರಗಳು. ಇಂದು ಬೆಳಿಗ್ಗೆ ಏಳೂಕಾಲಿಗೆ ತಾವು ಬುಡಸಮೇತ ಕೊಳೆತು ತೀರಿಕೊಂಡಿರೆಂಬ ಸುದ್ದಿಯನ್ನು ಹೂ ಬೆಳೆಗಾರರ ಸಂಘದ ಈ ಮಾಸಪತ್ರಿಕೆಯ ಓದುಗರಿಗೆ ಅತೀವ ದುಃಖದಿಂದ ತಿಳಿಸುತ್ತಿದ್ದೇನೆ.

ಸುಳ್ಳು. ತಾವು ಗುಂಡುಕಲ್ಲಿನ ಹಾಗಿದ್ದೀರಿ. ಇದೇ ಸುದ್ದಿಯನ್ನು ಬೆಳಿಗ್ಗೆ ಬಚ್ಚಲಿನಿಂದ ಕೂಗಿ ಹೇಳಿದಾಗ ನನ್ನ ಹೆಂಡತಿ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ, ಅರ್ಧ ಬಾಚಿದ ತಲೆಯಲ್ಲಿ ಓಡಿಬಂದಳು. ಹೋದ ತಿಂಗಳು ಅದೇ ಬಚ್ಚಲಲ್ಲಿ ನಾನು ಜಾರಿ "ಬಿದ್ದೆ ಕಣೇ!" ಎಂದು ಕೂಗಿದಾಗ ಅಡುಗೆಮನೆಯಿಂದ ಬಂದ ಉತ್ತರ "ಗಿಡಕ್ಕೇನೂ ತಾಗಿಲ್ಲ ತಾನೇ?" ಎಂಬುದಾಗಿತ್ತು. ಈ ಎರಡು ಘಟನೆಗಳನ್ನೂ ಪಕ್ಕಪಕ್ಕ ಇಟ್ಟು ತಾವೇ ನ್ಯಾಯ ಹೇಳಬೇಕು.

ನಾನು ಯಾರೆಂದು ತಾವು ಗಮನಿಸಿರಲಾರಿರಿ. ಅಚ್ಚಿನ ಮನೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತನಾದವನು. ತಮ್ಮನ್ನು ಸಾಕುತ್ತಿರುವ ನಿವೃತ್ತ ನರ್ಸಮ್ಮನ ಗಂಡ. ಈ ಮನೆಯಲ್ಲಿ ಗಂಡನಿಗಿಂತ ಕುಂಡಕ್ಕೆ ಮರ್ಯಾದೆ ಹೆಚ್ಚೆಂಬುದು ತಾವು ಬಂದ ವಾರದಲ್ಲೇ ತೀರ್ಮಾನವಾಗಿಹೋಯಿತು. ತಮ್ಮ ಎಲೆಗಳನ್ನು ಒದ್ದೆ ಹತ್ತಿಯಿಂದ ಒಂದೊಂದಾಗಿ ಒರೆಸುತ್ತಾಳೆ. ನನಗೆ "ಟವಲ್ ಅಲ್ಲೇ ಇದೆ, ಕಣ್ಣು ಬಿಟ್ಟು ನೋಡಿ" ಎನ್ನುತ್ತಾಳೆ.

ತಾವು ಬೆಟ್ಟದ ಮಂಜಿನಲ್ಲಿ, ಮರದ ಕೊಂಬೆಗೆ ಅಂಟಿಕೊಂಡು, ಮಣ್ಣನ್ನೇ ಮುಟ್ಟದೆ ಬಾಳುವ ಮನೆತನದವರೆಂದೂ, ಮನೆಗಳಲ್ಲಿ ತಮ್ಮನ್ನು ಬೆಳೆಸಹೊರಟವರು ವರ್ಷ ತುಂಬುವುದರೊಳಗೆ ಖಾಲಿ ಕುಂಡ ತೊಳೆದಿಡುತ್ತಾರೆಂದೂ ಸಂಘದ ಕಾರ್ಯದರ್ಶಿಗಳು ಎಚ್ಚರಿಸಿದ್ದರು. ನನ್ನಾಕೆ ಅದನ್ನು ಸವಾಲೆಂದು ತೆಗೆದುಕೊಂಡಳು. ವಾರ್ಡಿನಲ್ಲಿ ರೋಗಿಯ ಮಂಚಕ್ಕೆ ನೇತುಹಾಕುವಂಥ ಚಾರ್ಟೊಂದು ತಮ್ಮ ಪಕ್ಕದ ಗೋಡೆಗೆ ಬಂತು. ಅದರಲ್ಲಿ ದಿನಕ್ಕೆರಡು ಸಲ ಉಷ್ಣಾಂಶ, ತೇವ, ಬೇರಿನ ಬಣ್ಣ. ತಮಗೆ ನಲ್ಲಿ ನೀರು ಆಗದೆಂದು ತಾರಸಿಯಲ್ಲಿ ಮಳೆನೀರಿನ ಡಬ್ಬಗಳು ಸಾಲುಗಟ್ಟಿ ನಿಂತವು. ಆ ನಲ್ಲಿ ನೀರನ್ನೇ ಕುಡಿದು ನಾನು ಈ ಪತ್ರ ಬರೆಯುತ್ತಿದ್ದೇನೆ. ತಮಗೆ ಗಾಳಿಯಾಡಬೇಕೆಂದು ಪುಟ್ಟ ಫ್ಯಾನ್ ಹಗಲಿಡೀ ತಿರುಗಿತು. ಅದರೆದುರು ಒದ್ದೆ ಮೈಯಲ್ಲಿ ನಿಂತ ನನ್ನ ಹಲ್ಲುಗಳು ತಾಳ ಹಾಕಿದವು. ಇಷ್ಟಾದರೂ ತಾವು ಬದುಕಿದಿರಿ, ಕೊಬ್ಬಿದಿರಿ, ಹೊಸ ಎಲೆ ಬಿಟ್ಟಿರಿ. ಸಂಘದವರೇ ಚಪ್ಪಲಿ ಕಳಚಿ ಬಚ್ಚಲಿಗೆ ಬಂದು ತಮ್ಮ ದರ್ಶನ ಮಾಡಿಹೋದರು. ಅಂದು ನಾನು ಸ್ನಾನ ಮಾಡಿದ್ದು ಮಧ್ಯಾಹ್ನ ಮೂರಕ್ಕೆ.

ಇದೆಲ್ಲವನ್ನೂ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ನನ್ನ ನಿಜವಾದ ದೂರು ಮೊಗ್ಗಿನದು.

ಮೂರು ವರ್ಷ, ಮೂರು ಸಲ, ತಾವು ಹೂವಿನ ಹಸಿರು ಕಡ್ಡಿ ಚಾಚಿ ಮೊಗ್ಗು ಕಟ್ಟಿದಿರಿ. ಮೂರು ಸಲವೂ ಅರಳಲು ನಾಲ್ಕು ದಿನವಿದೆ ಎನ್ನುವಾಗ ಒಂದೊಂದೇ ಮೊಗ್ಗು ಹಳದಿಯಾಗಿ ಉದುರಿತು. ಒಟ್ಟು ಹನ್ನೊಂದು. ಅವಳು ಬೆಳಕು ಬದಲಿಸಿದಳು, ನೀರು ಬದಲಿಸಿದಳು, ಸೋಪಿನ ಬ್ರಾಂಡನ್ನೂ ಬದಲಿಸಿದಳು. ಉದುರಿದ ಮೊಗ್ಗುಗಳನ್ನು ಔಷಧಿಯ ಖಾಲಿ ಡಬ್ಬಿಯಲ್ಲಿ ತಾರೀಖು ಬರೆದು ಇಟ್ಟುಕೊಂಡಿದ್ದಾಳೆ. ಮಗಳು ಫೋನಿನಲ್ಲಿ "ಅಮ್ಮಾ, ಒಂದು ಗಿಡಕ್ಕೆ ಇಷ್ಟೊಂದು ತಲೆ ಕೆಡಿಸ್ಕೋತಾರಾ?" ಎಂದಾಗ ಅವಳು ಹೇಳಿದ್ದು ಇಷ್ಟೇ: "ಮೂವತ್ತು ವರ್ಷ ಎಷ್ಟೋ ಜನರನ್ನ ಈ ಕೈಯಲ್ಲಿ ನೋಡ್ಕೊಂಡೆ ಕಣೇ. ಈಗ ಕೈಗುಣಾನೇ ಹೋಯ್ತೋ ಏನೋ."

ಆ ಮಾತಿಗೆ ನನ್ನಲ್ಲಿ ತಮಾಷೆಯೊಂದೂ ಸಿಗಲಿಲ್ಲ. ನನ್ನ ಜೀವಮಾನದಲ್ಲಿ ಹೀಗಾಗಿದ್ದು ಎರಡನೆಯ ಸಲ. ಮೊದಲನೆಯದು ನನ್ನ ಮದುವೆಯ ದಿನ.

ಈಗ ತಾವು ನಾಲ್ಕನೆಯ ಬಾರಿ ಕಡ್ಡಿ ಚಾಚಿದ್ದೀರಿ. ಅದರಲ್ಲಿ ನಾಲ್ಕು ಮೊಗ್ಗುಗಳಿವೆ. ನನ್ನಾಕೆ ಅದನ್ನು ನೋಡಿ ಹಿಗ್ಗಲಿಲ್ಲ; ಎದುರು ಮನೆಯ ಹಲ್ಲಿನ ಡಾಕ್ಟರಿಗೆ ಫೋನು ಮಾಡಿ, "ನೀವೇ ತಗೊಂಡ್ಹೋಗಿ ಡಾಕ್ಟ್ರೇ, ನಿಮ್ಮನೇಲಾದ್ರೂ ಅರಳಲಿ. ನನ್ನ ಕಣ್ಣೆದುರು ಉದುರೋದನ್ನ ಇನ್ನೊಂದ್ಸಲ ನೋಡೋಕಾಗಲ್ಲ" ಎಂದಳು. ಅವರು ಭಾನುವಾರ ಬೆಳಿಗ್ಗೆ ಬರುತ್ತಾರೆ. ಚಾರ್ಟು ಆಗಲೇ ಗೋಡೆಯಿಂದ ಇಳಿದಿದೆ. ಆ ಜಾಗದಲ್ಲಿ ನಾಲ್ಕು ಮೊಳೆ ತೂತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು. ತಾವು ಭಾನುವಾರದ ಹೊತ್ತಿಗೆ ಕುಂಡವನ್ನು ಮೂರಾಳು ಎತ್ತಲಾಗದಷ್ಟು ಭಾರ ಮಾಡಿಕೊಳ್ಳಬೇಕು. ಅದಾಗದಿದ್ದರೆ ಡಾಕ್ಟರನ್ನು ಕಂಡೊಡನೆ ಬಾಯಿ ತೆರೆದು ಅವರೇ ಹೆದರುವಂತೆ ಒಂದು ಸಾಲು ಹಲ್ಲು ತೋರಿಸಬೇಕು. ಅದೂ ಆಗದಿದ್ದರೆ, ಹೊಸ ಮನೆಗೆ ಹೋಗುವುದಾದರೆ ಗಂಡನನ್ನೂ ಜೊತೆಗೆ ಕಳಿಸಬೇಕೆಂದು ಹಟ ಹಿಡಿಯಬೇಕು. ಅಲ್ಲಾದರೂ ನಮ್ಮಿಬ್ಬರಿಗೆ ಸಮಾನ ಮರ್ಯಾದೆ ಸಿಗಬಹುದು. ತಾವಿಲ್ಲದೆ ಬಚ್ಚಲು ನನ್ನದಾಗುತ್ತದೆ ನಿಜ. ಆದರೆ ಅಲ್ಲಿಂದ ಹೊರಬಂದರೆ ಚಾರ್ಟು ಬರೆಯಲು ಏನೂ ಇಲ್ಲದ ಒಬ್ಬ ನರ್ಸಮ್ಮ ಕುರ್ಚಿಯಲ್ಲಿ ಕೂತಿರುತ್ತಾಳೆ. ಅದನ್ನು ನಾನು ನೋಡಲಾರೆ.

ಇತಿ,
ತಮ್ಮ ವಿಶ್ವಾಸಿ,
ಕುಂಡದ ನಂತರದ ಸ್ಥಾನದಲ್ಲಿರುವ ಗಂಡ

ತಾ.ಕ.: ಪತ್ರಿಕೆ ಅಚ್ಚಾಗಿ ಬರುವಷ್ಟರಲ್ಲಿ ಭಾನುವಾರ ದಾಟಿಹೋಗುವುದರಿಂದ, ಈ ಪತ್ರದ ಒಂದು ಪ್ರತಿಯನ್ನು ಇಂದೇ ಬಚ್ಚಲಿನ ಬಾಗಿಲಿಗೆ ಅಂಟಿಸಿದ್ದೇನೆ. ಕಾರಣವಿದೆ. ತಮ್ಮನ್ನು ಇನ್ನಷ್ಟು ಬೈಯಲು ಸರಕು ಹುಡುಕುತ್ತ ಹೋದ ವಾರ ಇದೇ ಪತ್ರಿಕೆಯ ಹಳೆಯ ಸಂಚಿಕೆ ತಿರುವಿದಾಗ ಒಂದು ಸಾಲು ಕಣ್ಣಿಗೆ ಬಿತ್ತು: ಹಣ್ಣಾಗುತ್ತಿರುವ ಬಾಳೆಯ ಹತ್ತಿರ ಮೊಗ್ಗಿರುವ ಆರ್ಕಿಡ್ ಇಡಬಾರದು, ಹಣ್ಣಿನಿಂದ ಹೊರಡುವ ಅನಿಲಕ್ಕೆ ಮೊಗ್ಗು ಉದುರುತ್ತದೆ. ನನಗೆ ಸಕ್ಕರೆ ಕಾಯಿಲೆಯೆಂದು ಬಾಳೆಹಣ್ಣು ನಿಂತು ಮೂರು ವರ್ಷವಾಯಿತು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಈ ಮನೆಯಲ್ಲಿರುವುದು ಒಂದೇ. ತಮ್ಮ ಕುಂಡದ ಕೆಳಗಿನ ಕಪಾಟಿನಲ್ಲಿ, ಹಳೆಯ ಟವಲುಗಳ ಹಿಂದೆ, ಬಾಳೆಹಣ್ಣಿನ ಒಂದು ಚಿಪ್ಪು ಯಾವಾಗಲೂ ಇರುತ್ತಿತ್ತು. "ಏನೋ ಸಿಹಿ ವಾಸನೆ ಬರ್ತಿದೆ ರೀ, ಗಿಡದ್ದೇ ಇರಬೇಕು" ಎಂದು ಅವಳು ಮೂಗರಳಿಸಿದಾಗ ಹೌದು ಹೌದೆಂದು ತಲೆಯಾಡಿಸಿದವನೂ ನಾನೇ. ಈ ಸಾಲು ಓದಿದ ಮೇಲೂ ಬೈಗುಳಕ್ಕೆ ಹೆದರಿ ಒಂದು ವಾರ ಸುಮ್ಮನಿದ್ದೆ. ಕಪಾಟು ಈಗ ಖಾಲಿ, ತೊಳೆದು ಒರೆಸಿದ್ದೇನೆ. ಹನ್ನೊಂದು ಮೊಗ್ಗನ್ನೂ ಉದುರಿಸಿದ್ದು ನಾನು ಕಣೇ, ನಿನ್ನ ಕೈಯಲ್ಲ.