ಅಂಗಾತ ಮಲಗುವವರ ದಿಂಬು

ಮುದ್ದಪ್ಪ: ಇದು ಎತ್ತರ ಆಯ್ತು ಕಣಪ್ಪ. ಗದ್ದ ಎದೆಗೆ ಬಡೀತೈತೆ.

ಸೌಭಾಗ್ಯ: ಇದಕ್ಕೆ ಮುಂಚಿಂದು ತಗ್ಗು ಅಂದ್ರಿ. ಅದಕ್ಕೆ ಮುಂಚಿಂದು ಮೆತ್ತಗೆ. ಮೊದಲ್ನೇದು ಕಲ್ಲು. ಮದ್ವೆಗೂ ಇಷ್ಟು ಹೆಣ್ಣು ನೋಡಿರ್ಲಿಲ್ಲ ನೀವು.

ಮುದ್ದಪ್ಪ: ನೋಡ್ಬೇಕಿತ್ತು.

ಮಡಕಶಿರದ ಬಸ್ ಸ್ಟ್ಯಾಂಡಿಗೆ ಎದುರಾಗಿ ಕಲ್ಲೇಶನ ಹಾಸಿಗೆ ಅಂಗಡಿ. ಗಿರಾಕಿಗಳು ಮಲಗಿ ನೋಡಲೆಂದು ಅವನು ಬಾಗಿಲ ಬಳಿ ಒಂದು ಮಂಚ ಹಾಕಿದ್ದಾನೆ. ಮುದ್ದಪ್ಪ ಅದರ ಮೇಲೆ ಅಂಗಾತ ಮಲಗಿ ಫ್ಯಾನಿನ ಗಾಳಿಯನ್ನು ಪುಕ್ಕಟೆ ಕುಡಿಯುತ್ತಿದ್ದಾನೆ. ಹೆಂಡತಿ ಸೌಭಾಗ್ಯ ಪಕ್ಕದಲ್ಲಿ ನಿಂತಿದ್ದಾಳೆ. ಅವಳ ಕಾಲ ಬಳಿ ರೇಷ್ಮೆಹುಳದ ಮನೆಗೆಂದು ಕೊಂಡ ಸುಣ್ಣದ ಪುಡಿಯ ಚೀಲ. ಅದನ್ನು ಅಲ್ಲಿಯವರೆಗೆ ಹೊತ್ತು ತಂದವಳೂ ಅವಳೇ, ಏಕೆಂದರೆ ಗಂಡನಿಗೆ ಕತ್ತು ನೋವು. ಹುಳಗಳು ಜ್ವರವೆಂದು ಕರೆಯುವ ನಾಲ್ಕನೇ ನಿದ್ದೆ ಕಳೆದು, ಪೊರೆ ಬಿಟ್ಟೆದ್ದು, ಮೂಟೆಗಟ್ಟಲೆ ಹಿಪ್ಪುನೇರಳೆ ಸೊಪ್ಪು ತಿನ್ನತೊಡಗಿದ ದಿನವೇ ಆ ನೋವು ಶುರುವಾಯಿತು. ಇದನ್ನು ಕಾಕತಾಳೀಯ ಎನ್ನುವವರು ಎನ್ನಲಿ, ನಾನಂತೂ ಎನ್ನಲಾರೆ.

ಕಲ್ಲೇಶ: ಅಣ್ಣಾ, ಮೊದ್ಲು ಇದು ಹೇಳಿ. ನೀವು ಮಲಗೋದು ಹೆಂಗೆ? ಅಂಗಾತವೋ, ಮಗ್ಗುಲಿಗೋ?

ಮುದ್ದಪ್ಪ: ಅಂಗಾತ.

ಸೌಭಾಗ್ಯ: ಮಗ್ಗುಲಿಗೆ.

ಮುದ್ದಪ್ಪ: ಮಲಗೋನು ನಾನು.

ಸೌಭಾಗ್ಯ: ನೋಡೋಳು ನಾನು. ನಿದ್ದೆ ಮಾಡ್ದಾಗ ನಿಮಗೇನು ಗೊತ್ತಾಗ್ತೈತೆ? ಗೋಡೆ ಕಡೆ ತಿರುಗ್ಕೊಂಡು ಮಂಡಿ ಹೊಟ್ಟೆಗಿಟ್ಟು ಮುದುರ್ಕೊತೀರ.

ಮುದ್ದಪ್ಪ: ಮೊನ್ನೆ ಬೆಳಗಿನ ಜಾವ ನೀನೇ ಅಂದ್ಯಲ್ಲ, ಕಂಬ ಬಿದ್ದಂಗೆ ಅಂಗಾತ ಬಿದ್ದವ್ರೆ ಅಂತ?

ಸೌಭಾಗ್ಯ: ಅದು ಸೊಪ್ಪು ಹಾಕೋಕೆ ಏಳಿ ಅಂತ ಕೂಗಿದಾಗ. ನಾನು ಕೂಗಿದ್ ತಕ್ಷಣ ತಿರುಗಿ ಅಂಗಾತ ಆಗ್ತೀರ. ಕಲ್ಲೇಶಪ್ಪ, ಇವ್ರದು ನಿಜ ನಿದ್ದೆ ಮಗ್ಗುಲಿಗೆ, ಸುಳ್ಳು ನಿದ್ದೆ ಅಂಗಾತ. ಎರಡ್ರಲ್ಲಿ ಯಾವುದಕ್ಕೆ ದಿಂಬು ಕೊಡ್ತೀಯ ನೋಡು.

ಕಲ್ಲೇಶನ ವ್ಯಾಪಾರದಲ್ಲಿ ಸುಳ್ಳು ನಿದ್ದೆಗೆಂದು ಬೇರೆ ದಿಂಬು ಇರಲಿಲ್ಲ. ಅವನು ಮೇಲಿನ ಅಟ್ಟದಿಂದ ಇನ್ನೊಂದನ್ನು ಇಳಿಸಿದ.

ಕಲ್ಲೇಶ: ಇದು ಅಂಗಾತ ಮಲಗೋರಿಗೇ ಮಾಡಿರೋದು ಅಣ್ಣಾ. ಕತ್ತಿನ ಹತ್ರ ಉಬ್ಬು, ತಲೆ ಇಡೋ ಕಡೆ ತಗ್ಗು. ಕತ್ತಿನ ಕೆಳಗೆ ಸಂದು ಉಳಿಯಲ್ಲ. ಗದ್ದ ಎದೆಗೂ ಒತ್ತಲ್ಲ, ತಲೆ ಹಿಂದಕ್ಕೂ ಬೀಳಲ್ಲ.

ಮುದ್ದಪ್ಪ ತಲೆಯಿಟ್ಟ. ದಿಂಬು ಸರಿಯಾಗಿ ಕೂತಿತು. ಅದು ಸರಿಯಾಗಿ ಕೂತದ್ದೇ ತಡ, ಅವನ ಮುಖ ಬಾಡಿತು.

ಸೌಭಾಗ್ಯ: ಹೆಂಗೈತೆ?

ಮುದ್ದಪ್ಪ: ಪರವಾಗಿಲ್ಲ. ಆದ್ರೆ ಬಣ್ಣ ಸರಿಯಿಲ್ಲ.

ಸೌಭಾಗ್ಯ: ದಿಂಬು ಸರಿಹೋದ್ರೆ ನೋವೂ ಹೋಗ್ಬೇಕಲ್ಲ, ಅದೇ ನಿಮ್ಮ ಸಂಕಟ.

ಮುದ್ದಪ್ಪ: ಡಾಕ್ಟ್ರೇ ಹೇಳವ್ರೆ, ಭಾರ ಎತ್ತಬಾರ್ದು ಅಂತ.

ಸೌಭಾಗ್ಯ: ಡಾಕ್ಟ್ರು ದಿಂಬು ಬದಲಾಯ್ಸಿ ಅಂದ್ರು. ಭಾರದ ಮಾತು ಬಸ್ಸಿನಲ್ಲಿ ಬರ್ತಾ ನೀವು ಸೇರ್ಸಿದ್ದು. ಈಗ ಹೇಳಿ, ಇದನ್ನ ತಗೊಳ್ಳೋದಾ, ಬ್ಯಾಡ್ವಾ?

ಮುದ್ದಪ್ಪನ ಕಣ್ಣುಗಳು ಮುಚ್ಚಿವೆ, ಮೂಗಿನಿಂದ ಸಣ್ಣ ಗೊರಕೆ ಹೊರಟಿದೆ.

ಕಲ್ಲೇಶ: ನೋಡಿದ್ರಾ ಅಕ್ಕಾ, ತಲೆ ಇಟ್ಟ ತಕ್ಷಣ ನಿದ್ದೆ. ಕಟ್ಲಾ?

ಸೌಭಾಗ್ಯ: ತಡಿ. ಅಲ್ಲಪ್ಪಾ, ಇವ್ರ ಕತ್ತು ಹಿಂಗಿರೋವಾಗ ರೇಷ್ಮೆಗೂಡಿನ ಚೀಲ ಹೊತ್ಕೊಂಡು ಹಿಂದೂಪುರ ಮಾರ್ಕೆಟ್ಟಿಗೆ ಹೆಂಗೆ ಹೋಗ್ತಾರೆ ಪಾಪ? ಈ ಸಲ ನಮ್ಮಣ್ಣ ಸಂಜೀವಪ್ಪನ್ನೇ ಕಳಿಸ್ತೀನಿ. ಗೂಡು ಮಾರಿ, ಅಲ್ಲೇ ಹೋಟ್ಲಲ್ಲಿ ಬಿರಿಯಾನಿ ತಿಂದು ಬರ್ಲಿ.

ಮುದ್ದಪ್ಪ (ಕಣ್ಣು ಮುಚ್ಚಿಕೊಂಡೇ): ಗೂಡಿನ ವಿಚಾರ ಅವನಿಗೇನು ಗೊತ್ತೈತೆ?

ಕಲ್ಲೇಶ ನಗುವನ್ನು ತಡೆಯಲಾರದೆ ದಿಂಬಿನ ರಾಶಿಗೆ ಮುಖ ತಿರುಗಿಸಿದ. ಮುದ್ದಪ್ಪ ಎದ್ದು ಕೂತು, ಯಾರನ್ನೂ ನೋಡದೆ ಚಪ್ಪಲಿ ಹುಡುಕಿದ. ಅಂಗಡಿಯವನಿಗೆ ವ್ಯಾಪಾರ ಕೈಬಿಟ್ಟು ಹೋಗುವುದು ಕಾಣಿಸಿತು.

ಕಲ್ಲೇಶ: ಅದು ಹೋಗ್ಲಿ ಅಕ್ಕಾ, ನೀವು ಹೆಂಗೆ ಮಲಗ್ತೀರ?

ಮದುವೆಯಾದ ಮೇಲೆ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳಿಗೆ ದುಃಖವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

ಸೌಭಾಗ್ಯ: ನಾನಾ? ಸೊಪ್ಪು ಹಾಕಿ ಬಂದು ಬಿದ್ರೆ ಬಿದ್ದಂಗೇ ಅಂಗಾತ. ಮಗ್ಗುಲು ಬದಲಾಯ್ಸೋಕೂ ಮೈಯಲ್ಲಿ ಶಕ್ತಿ ಇರಲ್ಲ. ತಲೆ ಕೆಳಗೆ ಮಡಿಸಿದ ಹಳೇ ಸೀರೆ.

ಕಲ್ಲೇಶ: ಹಂಗಾದ್ರೆ ಇದನ್ನ ನೋಡ್ಬೇಕಾದೋರು ನೀವು.

ಅವಳು ಸೆರಗು ಸರಿಮಾಡಿಕೊಂಡು ಮಂಚದ ಮೇಲೆ ಒರಗಿದಳು. ಎರಡು ಸಲ ಉಸಿರು ಬಿಟ್ಟಳು. ಆಮೇಲೆ ಅಲ್ಲಾಡಲಿಲ್ಲ.

ಮುದ್ದಪ್ಪ: ಸಾಕು ಏಳು. ಸಂಜೆ ಸೊಪ್ಪಿನ ಹೊತ್ತಾಯ್ತು. ನಮ್ಮೂರ ಬಸ್ಸು ನಿಂತೈತೆ.

ಅವನು ಮಂಚದ ಕಾಲನ್ನು ತಟ್ಟಿದ.

ಮುದ್ದಪ್ಪ: ಸೌಭಾಗ್ಯ, ನಿಮ್ಮಣ್ಣ ಬಂದವ್ನೆ ನೋಡು.

ರೆಪ್ಪೆ ಕೂಡ ಮಿಸುಕಲಿಲ್ಲ.

ಮುದ್ದಪ್ಪ: ಇವ್ಳು ನಾಟ್ಕ ಆಡ್ತಾವ್ಳೆ ಕಣಪ್ಪ.

ಕಲ್ಲೇಶ: ಇಲ್ಲಣ್ಣಾ, ನಾಟ್ಕ ಆಡೋರು ನಡುವೆ ಮಾತಾಡ್ತಾರೆ. ಇದು ನಿಜ ನಿದ್ದೆ, ಎಬ್ಬಿಸ್ಬೇಡಿ.

ಬಸ್ಸು ಹಾರ್ನ್ ಹೊಡೆಯಿತು. ಮನೆಯಲ್ಲಿ ಹಸಿದ ಹುಳಗಳು ತಲೆಯೆತ್ತಿ ಕಾಯುತ್ತಿರುತ್ತವೆ. ಒಂದು ಹೊತ್ತು ಸೊಪ್ಪು ತಪ್ಪಿದರೆ ಗೂಡು ಸೊರಗುತ್ತದೆ, ಗೂಡು ಸೊರಗಿದರೆ ಹಿಂದೂಪುರದ ಬಿರಿಯಾನಿಯೂ ಸೊರಗುತ್ತದೆ. ಮುದ್ದಪ್ಪ ಹೆಂಡತಿಯನ್ನು ನೋಡಿದ, ಬಸ್ಸನ್ನು ನೋಡಿದ. ಕೊನೆಗೆ ಸುಣ್ಣದ ಚೀಲವನ್ನು ಒಂದೇ ಏಟಿಗೆ ತಲೆ ಮೇಲೇರಿಸಿಕೊಂಡು ಓಡಿದ.

ಬಸ್ಸು ಹೊರಟ ಸದ್ದಾಯಿತು. ಮಂಚದ ಮೇಲೆ ಒಂದು ಕಣ್ಣು ತೆರೆಯಿತು.

ಸೌಭಾಗ್ಯ: ಹತ್ತಿದ್ರಾ?

ಕಲ್ಲೇಶ (ಬೆಚ್ಚಿಬಿದ್ದು): ಹತ್ತಿದ್ರಕ್ಕಾ.

ಸೌಭಾಗ್ಯ: ಚೀಲ?

ಕಲ್ಲೇಶ: ತಲೆ ಮೇಲೆ ಹೊತ್ಕೊಂಡು ಹೋದ್ರು.

ಸೌಭಾಗ್ಯ: ಕತ್ತು?

ಕಲ್ಲೇಶ: ನೆಟ್ಟಗಿತ್ತು.

ಸೌಭಾಗ್ಯ: ಒಳ್ಳೇ ದಿಂಬು ಕಣಪ್ಪ. ನಾನು ಮಲಗಿದ್ರೆ ಅವ್ರ ನೋವು ಹೋಗ್ತೈತೆ. ಕಟ್ಟು, ಆದ್ರೆ ಈಗ್ಲೇ ಬ್ಯಾಡ.

ಅವಳು ಆ ಕಣ್ಣನ್ನೂ ಮುಚ್ಚಿಕೊಂಡಳು.